ಕಾವೇರಿಯನ್ನು ಹುಚ್ಚಿ ಎಂದವರು ಯಾರು?

‘ಶರಪಂಜರ’ದ ಹೆಸರು ಕೇಳದ ಕನ್ನಡ ಮನೆ ಅಪರೂಪ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದರು. ಕಾವೇರಿಯ ಪಾತ್ರವನ್ನು ಕಲ್ಪನಾ ಮಾಡಿದ್ದರು. ಅಂದಿನಿಂದ ಕಾವೇರಿ ಎಂದರೆ ಕೆದರಿದ ಕೂದಲು, ಅಗಲವಾದ ಕಣ್ಣು, ಒಮ್ಮೆಲೇ ನಗು, ಒಮ್ಮೆಲೇ ಅಳು ಎಂಬ ಚಿತ್ರವೇ ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಅವಳ ಧ್ವನಿಯನ್ನು ಅನುಕರಿಸಿ ನಗಿಸುವವರೂ ಇದ್ದಾರೆ. ಮನೆಯಲ್ಲಿ ಹೆಣ್ಣುಮಗಳೊಬ್ಬಳು ಸ್ವಲ್ಪ ಜೋರಾಗಿ ಮಾತನಾಡಿದರೆ ಸಾಕು, “ಏನು, ಶರಪಂಜರದ ಕಲ್ಪನಾ ಥರ ಆಡ್ತೀಯಾ” ಎನ್ನುತ್ತೇವೆ.

ಆದರೆ ಕಾದಂಬರಿಯ ಕಾವೇರಿ ನಿಜವಾಗಿಯೂ ಹುಚ್ಚಿಯೇ? ಅಥವಾ ಅರ್ಧ ಶತಮಾನಕ್ಕೂ ಮೀರಿ ನಾವು ಅವಳನ್ನು ತಪ್ಪಾಗಿ ತಿಳಿಯುತ್ತಾ ಬಂದಿದ್ದೇವೆಯೇ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ಮಾಗಡಿ ತಾಲೂಕಿನ ಗುಡೇಮಾರನಹಳ್ಳಿಯ ಒಬ್ಬ ವಿದ್ಯಾರ್ಥಿನಿ. ದಿನವೂ ಬಸ್ಸಿನಲ್ಲಿ ಮಾಗಡಿಯ ಕಾಲೇಜಿಗೆ ಹೋಗಿ ಪದವಿ ಓದುತ್ತಿರುವ ಹುಡುಗಿ. ತಂದೆಗೆ ರೇಷ್ಮೆ ಗೂಡಿನ ವ್ಯಾಪಾರ. ಮನೆಮಾತು ದಖನಿ ಉರ್ದುವಾದರೂ ಓದು ಬರಹವೆಲ್ಲ ಕನ್ನಡದಲ್ಲೇ. ತನ್ನ ಹೆಸರು ಬರೆಯಬಾರದು, ಮನೆಯವರ ಹೆಸರಂತೂ ಬೇಡವೇ ಬೇಡ ಎಂಬ ಶರತ್ತಿನ ಮೇಲೆ ಅವಳು ಕಾವೇರಿಯ ಬಗ್ಗೆ ತನ್ನ ಅಭಿಪ್ರಾಯ ಹೇಗೆ ಬದಲಾಗುತ್ತಾ ಬಂತು ಎಂಬುದನ್ನು ಹೇಳಿದಳು. ಓದುಗ ಸಹೋದರಿಯರಿಗೆ ಅದು ಉಪಯುಕ್ತವಾದೀತು ಎಂಬ ನಂಬಿಕೆಯಿಂದ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಕಂಡದ್ದು ಭಯ

ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಟೀವಿಯಲ್ಲಿ ‘ಶರಪಂಜರ’ ಬಂದಿತ್ತು. ಪೂರ್ತಿ ನೋಡಲಿಲ್ಲ. ಕೊನೆಯ ಭಾಗವಷ್ಟೇ ಕಣ್ಣಿಗೆ ಬಿತ್ತು. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. “ಹುಚ್ಚಿಯೊಬ್ಬಳ ಕಥೆ ಅಂದ್ಕೊಂಡೆ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಹರಿದ ಸೀರೆ ಉಟ್ಟು ಒಬ್ಬಳು ಓಡಾಡ್ತಿದ್ದಳು. ಮಕ್ಕಳು ಕಲ್ಲು ಹೊಡೀತಿದ್ದರು. ಕಾವೇರಿನೂ ಅಂಥವಳೇ ಅನ್ನಿಸ್ತು” ಎನ್ನುತ್ತಾಳೆ.

ಇದು ಅವಳೊಬ್ಬಳ ತಪ್ಪಲ್ಲ. ಕಥೆಯ ಕೊನೆಯನ್ನು ಮಾತ್ರ ನೋಡಿದವರು ಮನುಷ್ಯರನ್ನೂ ಹಾಗೆಯೇ ಅಳೆಯುತ್ತಾರೆ. ಕೂಗಾಡುತ್ತಿರುವ ಹೆಂಗಸು ನಮಗೆ ಕಾಣುತ್ತಾಳೆ. ಅವಳು ಕೂಗುವ ತನಕ ಏನೇನು ಸಹಿಸಿದ್ದಳು ಎಂಬುದು ಕಾಣುವುದಿಲ್ಲ.

ಪುಸ್ತಕದಲ್ಲಿ ಸಿಕ್ಕ ಕಾವೇರಿ

ಪದವಿಯ ಮೊದಲ ವರ್ಷ ಕನ್ನಡ ಅಧ್ಯಾಪಕರು ಪ್ರತಿಯೊಬ್ಬರೂ ಒಂದು ಕಾದಂಬರಿ ಓದಿ ತರಗತಿಯಲ್ಲಿ ಮಾತನಾಡಬೇಕೆಂದರು. ಗ್ರಂಥಾಲಯದ ಕಪಾಟಿನಲ್ಲಿ ಇವಳ ಕೈಗೆ ಸಿಕ್ಕಿದ್ದು ರಟ್ಟು ಹರಿದ ‘ಶರಪಂಜರ’. ತೆಳ್ಳಗಿದೆ, ಬೇಗ ಮುಗಿಯುತ್ತದೆ ಎಂಬುದಷ್ಟೇ ಅದನ್ನು ಆರಿಸಲು ಕಾರಣ.

ಪುಸ್ತಕದ ಕಾವೇರಿ ಬೇರೆಯೇ ಆಗಿದ್ದಳು. ಓದಿದ ಹುಡುಗಿ. ನಗುನಗುತ್ತಾ ಮನೆ ನಡೆಸುವವಳು. ಮೆಚ್ಚಿ ಕೈಹಿಡಿದ ಗಂಡ ಸತೀಶ. ಚೊಚ್ಚಲ ಮಗು. ಎಲ್ಲವೂ ಚೆನ್ನಾಗಿಯೇ ಇದ್ದ ಸಂಸಾರ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಹದ ತಪ್ಪುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಫಲಿಸುತ್ತದೆ. ಕಾವೇರಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ.

ಸಾಮಾನ್ಯ ಕಥೆಯಾಗಿದ್ದರೆ ಇಲ್ಲಿಗೆ ಶುಭಂ ಎಂದು ಬರೆಯಬಹುದಿತ್ತು. ಆದರೆ ಈ ಕಾದಂಬರಿಯ ಜೀವಾಳ ಇರುವುದೇ ಆಸ್ಪತ್ರೆಯಿಂದ ಬಂದ ಮೇಲಿನ ಕಥೆಯಲ್ಲಿ. ಕಾವೇರಿಗೆ ವಾಸಿಯಾಗಿದೆ, ಆದರೆ ಮನೆಯವರಿಗೆ ಅದರ ನಂಬಿಕೆಯಿಲ್ಲ. ಅಕ್ಕಪಕ್ಕದವರು ಪಿಸುಗುಟ್ಟುತ್ತಾರೆ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಹೆತ್ತ ಮಕ್ಕಳ ಹತ್ತಿರ ಹೋಗುವುದಕ್ಕೂ ಹಿಂಜರಿಯಬೇಕಾದ ಸ್ಥಿತಿ. ಗಂಡನ ಮನಸ್ಸು ಬೇರೊಂದು ಹೆಣ್ಣಿನ ಕಡೆ ವಾಲಿರುವುದು ತಿಳಿದಾಗ ಅವಳ ಕೊನೆಯ ಆಸರೆಯೂ ಕುಸಿಯುತ್ತದೆ. ಕಾವೇರಿ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ.

ಈ ಓದಿನಲ್ಲಿ ಹುಡುಗಿಯ ಭಯ ಕನಿಕರವಾಯಿತು. ಸತೀಶನ ಮೇಲೆ ಸಿಟ್ಟು ಬಂತು. “ತರಗತಿಯಲ್ಲಿ ಅವನನ್ನ ಚೆನ್ನಾಗಿ ಬೈದೆ. ಎಲ್ಲರೂ ಚಪ್ಪಾಳೆ ಹೊಡೆದರು. ಕಾವೇರಿ ಪಾಪದವಳು, ಸತೀಶ ಕೆಟ್ಟವನು, ಅಲ್ಲಿಗೆ ಮುಗೀತು ಅಂದ್ಕೊಂಡೆ.”

ಬರೆದವರು ಯಾರು?

ತ್ರಿವೇಣಿ ಎಂಬುದು ಕಾವ್ಯನಾಮ. ಅವರ ಹೆಸರು ಅನಸೂಯಾ ಶಂಕರ್. ಹುಟ್ಟಿದ್ದು 1928ರಲ್ಲಿ. ಕನ್ನಡದ ಕಣ್ವ ಎನಿಸಿದ ಬಿ.ಎಂ. ಶ್ರೀಕಂಠಯ್ಯನವರ ಮನೆತನಕ್ಕೆ ಸೇರಿದವರು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಬಿ.ಎ. ಪದವಿ ಪಡೆದರು. ಅಂದಿನ ಕಾಲಕ್ಕೆ ಹೆಣ್ಣುಮಗಳೊಬ್ಬಳು ಆ ವಿಷಯ ಆರಿಸಿಕೊಳ್ಳುವುದೇ ವಿಶೇಷ. ಸುಮಾರು ಹತ್ತು ವರ್ಷಗಳ ಬರವಣಿಗೆಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟರು. ‘ಅಪಸ್ವರ’, ‘ಬೆಕ್ಕಿನ ಕಣ್ಣು’, ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’ ಇವು ಮನೆಮನೆಯ ಮಾತಾದವು. ಹೆಣ್ಣಿನ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದೇ ಅವರ ಕುತೂಹಲವಾಗಿತ್ತು.

ಅವರ ಬದುಕಿನ ಕೊನೆ ಕಣ್ಣಂಚು ಒದ್ದೆ ಮಾಡುವಂಥದ್ದು. ಮಗುವಿಗಾಗಿ ಹಂಬಲಿಸಿದ ತ್ರಿವೇಣಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, 1963ರ ಜುಲೈ 29ರಂದು ತೀರಿಕೊಂಡರು. ಆಗ ಅವರಿಗೆ 35 ಕೂಡ ತುಂಬಿರಲಿಲ್ಲ. ಬಾಣಂತಿಯ ಸಂಕಟವನ್ನು ಕನ್ನಡಕ್ಕೆ ತಿಳಿಸಿಕೊಟ್ಟ ಲೇಖಕಿ ಬಾಣಂತನದಲ್ಲೇ ಕಣ್ಣು ಮುಚ್ಚಿದರು.

ಮನೆಯಲ್ಲೇ ಎದುರಾದ ಪ್ರಶ್ನೆ

ನಮ್ಮ ವಿದ್ಯಾರ್ಥಿನಿಯ ಕಥೆಗೆ ಮರಳೋಣ. ಅವಳು ಎರಡನೆಯ ವರ್ಷದಲ್ಲಿದ್ದಾಗ ಅಣ್ಣನ ಹೆಂಡತಿಗೆ ಹೆರಿಗೆಯಾಯಿತು. ಗಂಡು ಮಗು. ಮನೆಯಲ್ಲಿ ಸಂಭ್ರಮ. ಆದರೆ ಐದಾರು ದಿನಗಳಲ್ಲಿ ಭಾಭಿಯ ನಡವಳಿಕೆ ಬದಲಾಯಿತು. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಇಡೀ ರಾತ್ರಿ ಎದ್ದು ಓಡಾಟ. ಯಾರೋ ಕಿಟಕಿಯ ಹೊರಗೆ ನಿಂತು ತನ್ನ ಬಗ್ಗೆ ಮಾತನಾಡುತ್ತಿದ್ದಾರೆ ಎನ್ನುವಳು. ಈ ಮಗು ತನ್ನದಲ್ಲ, ಆಸ್ಪತ್ರೆಯಲ್ಲಿ ಬದಲಾಯಿಸಿದ್ದಾರೆ ಎನ್ನುವಳು. ಸ್ವಲ್ಪ ಹೊತ್ತಿಗೆ ಅದೇ ಮಗುವನ್ನು ಎದೆಗವಚಿಕೊಂಡು ಯಾರಿಗೂ ಕೊಡುವುದಿಲ್ಲ ಎನ್ನುವಳು.

ಮನೆಯಲ್ಲಿ ತಲೆಗೊಂದು ಮಾತು. ನಜರ್ ತಾಗಿದೆ ಎಂದರು ಒಬ್ಬರು. ಚಿಲ್ಲಾದ ನಲವತ್ತು ದಿನ ಮುಗಿಯುವ ಮೊದಲೇ ಸಂಜೆ ಹೊತ್ತು ಹೊರಗೆ ಬಂದಿದ್ದಳು, ಯಾವುದೋ ಸಾಯಾ ಬಡಿದಿದೆ ಎಂದರು ಇನ್ನೊಬ್ಬರು. ತಾಯತ ಬರೆಸಲು ಮಸೀದಿಯ ಮೌಲವಿ ಸಾಹೇಬರ ಹತ್ತಿರ ಹೋದರು. ಅವರು ತಿಳಿದವರು. ದುಆ ಮಾಡಿ ಹೀಗೆಂದರಂತೆ: “ದುಆ ನಾನು ಮಾಡ್ತೀನಿ. ದವಾ ಡಾಕ್ಟರು ಕೊಡಬೇಕು. ಇವತ್ತೇ ಕರ್ಕೊಂಡು ಹೋಗಿ, ನಾಳೆ ಅನ್ನಬೇಡಿ.” ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ಚಿಕಿತ್ಸೆಯಾಯಿತು. ಭಾಭಿ ಚೇತರಿಸಿಕೊಂಡಳು. ಮಾತ್ರೆಗಳೊಂದಿಗೆ ಮನೆಗೆ ಬಂದಳು.

ಅಲ್ಲಿಂದ ಶುರುವಾಯಿತು ನೋಡಿ, ‘ಶರಪಂಜರ’.

ಅಡುಗೆಮನೆಯ ಈಳಿಗೆಮಣೆ ಅಟ್ಟ ಸೇರಿತು. ಮಗುವನ್ನು ಹಾಲು ಕುಡಿಸುವ ಹೊತ್ತಿಗೆ ಮಾತ್ರ ತಂದುಕೊಟ್ಟು, ಪಕ್ಕದಲ್ಲೇ ಒಬ್ಬರು ಕಾವಲು ಕೂತು, ಆದ ತಕ್ಷಣ ಎತ್ತಿಕೊಂಡು ಹೋಗುವರು. ಭಾಭಿ ಕೋಣೆಗೆ ಬಂದರೆ ಮಾತು ನಿಲ್ಲುವುದು. ನೋಡಲು ಬಂದ ನೆಂಟರು ಅವಳನ್ನು ಬಿಟ್ಟು ಅತ್ತೆಯನ್ನು ಕೇಳುವರು, “ಈಗ ಹೇಗಿದ್ದಾಳೆ?” ಅವಳು ಎದುರಿಗೇ ಇರುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. “ಉಪ್ಪು ಅಮ್ಮಿ ಕೈಯಲ್ಲೂ ಎಷ್ಟೋ ಸಲ ಹೆಚ್ಚಾಗಿದೆ. ಆಗ ಯಾರೂ ಹಾಗೆ ನೋಡಿರಲಿಲ್ಲ” ಎನ್ನುತ್ತಾಳೆ ಈ ಹುಡುಗಿ.

ಒಂದು ಸಂಜೆ ಇನ್ನೂ ದೊಡ್ಡ ಮಾತು ಬಂತು. ಹಿರಿಯ ನೆಂಟರೊಬ್ಬರು ಅಣ್ಣನನ್ನು ಕೂರಿಸಿಕೊಂಡು, ಹುಡುಗಿಯನ್ನು ತವರಿಗೆ ಕಳಿಸಿಬಿಡು, ಎಷ್ಟು ದಿನ ಈ ಕಷ್ಟ, ಇನ್ನೊಂದು ಸಂಬಂಧ ನೋಡೋಣ ಎಂದರು. ಅಣ್ಣ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಲೆ ತಗ್ಗಿಸಿ ಕುಳಿತಿದ್ದ. ಬಾಗಿಲ ಪರದೆಯ ಹಿಂದೆ ಭಾಭಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

ಆ ರಾತ್ರಿ ವಿದ್ಯಾರ್ಥಿನಿ ‘ಶರಪಂಜರ’ವನ್ನು ಮತ್ತೆ ಓದಿದಳು. ಈ ಸಲ ಅವಳಿಗೆ ಕಂಡದ್ದು ಪಾಪದ ಕಾವೇರಿಯಲ್ಲ. ಆಸ್ಪತ್ರೆಯಿಂದ ಮರಳಿದ ಕಾವೇರಿ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸ್ವಸ್ಥಳು ಎಂಬುದು ಅವಳಿಗೆ ಹೊಳೆಯಿತು. ಏನು ನಡೆಯುತ್ತಿದೆ ಎಂಬುದು ಕಾವೇರಿಗೆ ಸ್ಪಷ್ಟವಾಗಿ ಗೊತ್ತು. ಯಾರು ಯಾಕೆ ಮಾತು ನಿಲ್ಲಿಸಿದರು, ಯಾರು ಯಾಕೆ ಮಗುವನ್ನು ಒಳಗೆ ಕರೆದರು ಎಂಬುದೆಲ್ಲ ಅರ್ಥವಾಗುತ್ತದೆ. ಅರ್ಥವಾಗುವುದರಿಂದಲೇ ಅವಳು ನೋಯುತ್ತಾಳೆ. ಬುದ್ಧಿ ಕೆಟ್ಟಿದ್ದರೆ ಆ ನೋವು ತಾಗುತ್ತಿರಲಿಲ್ಲ.

ಶರಪಂಜರ ಎಂದರೆ ಬಾಣಗಳ ಪಂಜರ. ಒಂದೊಂದು ಬಾಣವೂ ಸಣ್ಣದು. ಒಂದು ನೋಟ, ಒಂದು ಪಿಸುಮಾತು, ಅಡಗಿಸಿಟ್ಟ ಒಂದು ಈಳಿಗೆ. ಎಸೆದವರಿಗೆ ತಾವು ಬಾಣ ಬಿಟ್ಟೆವೆಂದೂ ಗೊತ್ತಿರುವುದಿಲ್ಲ. ಆದರೆ ಸುತ್ತಲೂ ನಾಟಿಕೊಂಡಾಗ ಒಳಗಿರುವವರಿಗೆ ಅಲುಗಾಡಲು ಜಾಗವಿರುವುದಿಲ್ಲ.

ಬಾಣಂತಿಯ ಮನಸ್ಸಿಗೆ ಏನಾಗುತ್ತದೆ?

ಕಾವೇರಿಗೆ ಬಂದ ಕಾಯಿಲೆ ಕಟ್ಟುಕಥೆಯಲ್ಲ. ಹೆರಿಗೆಯ ನಂತರ ತಾಯಿಯ ಮನಸ್ಸಿನಲ್ಲಿ ಆಗುವ ಏರುಪೇರನ್ನು ವೈದ್ಯರು ಮೂರು ಬಗೆಯಾಗಿ ವಿಂಗಡಿಸುತ್ತಾರೆ.

ಮೊದಲನೆಯದು ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಕಾಣುವ ಅಳು, ಕಿರಿಕಿರಿ, ಕಾರಣವಿಲ್ಲದ ಬೇಸರ. ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಇದು ಕಾಣಿಸುತ್ತದೆ. ಮನೆಯವರ ಅಕ್ಕರೆ, ಒಳ್ಳೆಯ ನಿದ್ದೆ ಸಿಕ್ಕರೆ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ.

ಎರಡನೆಯದು ಬಾಣಂತಿ ಖಿನ್ನತೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತದೆ. ಯಾವುದರಲ್ಲೂ ಆಸಕ್ತಿಯಿಲ್ಲ, ಮಗುವನ್ನು ಕಂಡರೂ ಸಂತೋಷವಿಲ್ಲ, ತಾನು ಒಳ್ಳೆಯ ತಾಯಿಯಲ್ಲ ಎಂಬ ಕೊರಗು, ಬದುಕೇ ಬೇಡವೆಂಬ ಯೋಚನೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದಂತೆ ಶೇಕಡಾ 22ರಷ್ಟು ತಾಯಂದಿರಲ್ಲಿ ಇದು ಕಂಡುಬರುತ್ತದೆ. ಅಂದರೆ ಐವರಲ್ಲಿ ಒಬ್ಬಳು. ನಮ್ಮ ಮನೆಗಳಲ್ಲಿ ಇದಕ್ಕೆ “ಸೋಮಾರಿ”, “ಸೊಕ್ಕು”, “ಗಂಡುಮಗು ಹುಟ್ಟಲಿಲ್ಲವೆಂದು ಮುನಿಸು” ಎಂದೆಲ್ಲ ಹೆಸರಿಡುತ್ತೇವೆ.

ಮೂರನೆಯದು ಬಾಣಂತಿ ಸನ್ನಿ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ತೀವ್ರ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಶುರುವಾಗುತ್ತದೆ. ನಿದ್ದೆ ಪೂರ್ತಿ ಹೋಗುವುದು, ಅತಿಯಾದ ಮಾತು, ಗೊಂದಲ, ಇಲ್ಲದ ಧ್ವನಿ ಕೇಳುವುದು, ಮನೆಯವರ ಮೇಲೆ ಸಂಶಯ, ಮಗು ತನ್ನದಲ್ಲವೆನ್ನುವುದು ಇದರ ಲಕ್ಷಣಗಳು. ಇದು ತುರ್ತು ಪರಿಸ್ಥಿತಿ. ಎದೆನೋವು ಬಂದವರನ್ನು ಹೇಗೆ ಓಡಿಸಿಕೊಂಡು ಹೋಗುತ್ತೇವೋ ಹಾಗೆಯೇ ಆಸ್ಪತ್ರೆಗೆ ಒಯ್ಯಬೇಕು. ತಡಮಾಡಿದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಪೂರ್ತಿ ಗುಣವಾಗುತ್ತಾರೆ.

ಕಾರಣವೇನು? ಹೆರಿಗೆಯಾದ ಕೂಡಲೇ ದೇಹದ ಹಾರ್ಮೋನುಗಳು ಒಮ್ಮೆಲೇ ಇಳಿಯುತ್ತವೆ. ಜೊತೆಗೆ ನಿದ್ದೆಗೇಡು. ಕೆಲವರಿಗೆ ವಂಶದಲ್ಲಿ ಮನೋರೋಗದ ಹಿನ್ನೆಲೆಯಿರುತ್ತದೆ. ಇದರಲ್ಲಿ ಬಾಣಂತಿಯ ಚಾರಿತ್ರ್ಯದ ಪ್ರಶ್ನೆಯಿಲ್ಲ, ಈಮಾನಿನ ಕೊರತೆಯ ಪ್ರಶ್ನೆಯೂ ಇಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದೇಹದ ಕಾಯಿಲೆ ಮತ್ತು ಮನಸ್ಸಿನ ಕಾಯಿಲೆಗಳನ್ನು ಒಂದೇ ಗ್ರಂಥದಲ್ಲಿ ಅಕ್ಕಪಕ್ಕ ಇಟ್ಟು ವಿವರಿಸಿದ್ದರು. 1284ರಲ್ಲಿ ಕೈರೋದಲ್ಲಿ ಸ್ಥಾಪನೆಯಾದ ಮನ್ಸೂರಿ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಪ್ರತ್ಯೇಕ ವ್ಯವಸ್ಥೆಯಿತ್ತು. ಇಷ್ಟು ಹಳೆಯ ಪರಂಪರೆ ಇರುವ ನಾವು ಮನಸ್ಸಿನ ಕಾಯಿಲೆಗೆ ನಾಚಿಕೆ ಪಡುವುದೇಕೆ?

ಕಪಾಟಿನಲ್ಲಿರುವ ಇನ್ನಿಬ್ಬರು

ಮನೆಯವರು ತಪ್ಪಾಗಿ ತಿಳಿದ ಹೆಣ್ಣು ಕನ್ನಡದಲ್ಲಿ ಮಾತ್ರ ಇಲ್ಲ. ಅಧ್ಯಾಪಕರ ಸಲಹೆಯಂತೆ ನಮ್ಮ ವಿದ್ಯಾರ್ಥಿನಿ ಇನ್ನೆರಡು ಕೃತಿಗಳ ಬಗ್ಗೆ ತಿಳಿದುಕೊಂಡಳು.

ಇಂಗ್ಲೆಂಡಿನ ಶಾರ್ಲಟ್ ಬ್ರಾಂಟಿ 1847ರಲ್ಲಿ ಪ್ರಕಟಿಸಿದ ‘ಜೇನ್ ಏರ್’ ಕಾದಂಬರಿಯಲ್ಲಿ ಬರ್ತಾ ಎಂಬ ಹೆಂಗಸಿದ್ದಾಳೆ. ಗಂಡ ಅವಳನ್ನು ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಕೂಡಿಹಾಕಿದ್ದಾನೆ. ಓದುಗರಿಗೆ ಕೇಳಿಸುವುದು ಅವಳ ವಿಕಾರವಾದ ನಗು ಮಾತ್ರ. ನೂರಕ್ಕೂ ಹೆಚ್ಚು ವರ್ಷ ಜನ ಅವಳನ್ನು ರಾಕ್ಷಸಿ ಎಂದೇ ತಿಳಿದರು. 1966ರಲ್ಲಿ ಜೀನ್ ರೀಸ್ ಎಂಬ ಲೇಖಕಿ ಬರ್ತಾಳ ಬಾಲ್ಯ, ಮದುವೆ, ಒಂಟಿತನಗಳನ್ನು ಅವಳ ಕಡೆಯಿಂದ ಹೇಳುವ ಬೇರೊಂದು ಕಾದಂಬರಿ ಬರೆದರು. ಅದನ್ನು ಓದಿದ ಮೇಲೆ ಬರ್ತಾಳ ನಗು ಬೇರೆಯಾಗಿಯೇ ಕೇಳಿಸುತ್ತದೆ.

ಅಮೆರಿಕದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಒಂದು ಸಣ್ಣಕಥೆ ಪ್ರಕಟಿಸಿದರು. ಬಾಣಂತಿಯೊಬ್ಬಳಿಗೆ ಮನಸ್ಸು ಸರಿಯಿಲ್ಲವೆಂದು ಗಂಡ ಅವಳನ್ನು ಒಂದು ಕೋಣೆಯಲ್ಲಿಟ್ಟು ಓದು, ಬರಹ, ಕೆಲಸ ಎಲ್ಲದರಿಂದ ದೂರವಿಡುತ್ತಾನೆ. ಗಂಡ ಕೆಟ್ಟವನಲ್ಲ, ಸ್ವತಃ ವೈದ್ಯ, ಪ್ರೀತಿಯಿಂದಲೇ ಹಾಗೆ ಮಾಡುತ್ತಾನೆ. ಆ ಪ್ರೀತಿಯ ಬಂದೀಖಾನೆಯಲ್ಲೇ ಅವಳ ಮನಸ್ಸು ಪೂರ್ತಿ ಹದಗೆಡುತ್ತದೆ. ಗಿಲ್ಮನ್ ಸ್ವತಃ ಹೆರಿಗೆಯ ನಂತರ ಇಂಥ ‘ವಿಶ್ರಾಂತಿ ಚಿಕಿತ್ಸೆ’ಯನ್ನು ಅನುಭವಿಸಿದ್ದವರು.

ಮೂವರು ಲೇಖಕಿಯರು, ಮೂರು ದೇಶ. ಮೂವರೂ ಕೇಳುವುದು ಒಂದನ್ನೇ: ಅವಳ ಮಾತನ್ನು ಯಾರಾದರೂ ಕೂತು ಕೇಳಿದ್ದೀರಾ?

ಸತೀಶನನ್ನು ಕಂಡ ಬಗೆ

ಗಿಲ್ಮನ್ ಕಥೆಯ ಆ ಒಳ್ಳೆಯ ಗಂಡ ನಮ್ಮ ಹುಡುಗಿಯ ತಲೆ ಕೊರೆಯತೊಡಗಿದ. ಸತೀಶನನ್ನು ಬೈದು ಮುಗಿಸಿದ್ದ ಅವಳಿಗೆ ಈಗ ಅಣ್ಣನ ತಗ್ಗಿದ ತಲೆ ನೆನಪಾಯಿತು. ಅಣ್ಣ ದುಷ್ಟನಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಲು ಸಾಲ ಮಾಡಿದವನು ಅವನೇ. ಆದರೆ ಅವನಿಗೆ ಹೆದರಿಕೆ. ಮತ್ತೆ ಹಾಗಾದರೆ? ಮಗುವಿಗೆ ಏನಾದರೂ ಆದರೆ? ಜನ ಏನನ್ನುತ್ತಾರೆ? ಹೆದರಿದವನು ಹೆಂಡತಿಯ ಜೊತೆ ಮಾತನಾಡುವುದನ್ನೇ ಕಡಿಮೆ ಮಾಡಿದ್ದ.

“ಸತೀಶ ಮಾಡಿದ್ದು ತಪ್ಪೇ. ಅದನ್ನ ಒಪ್ಪೋಕಾಗಲ್ಲ. ಆದರೆ ಕಾವೇರಿ ಮನೇಲಿ ಯಾರಿಗೂ ಕಾಯಿಲೆ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರೋದೇ ಅಲ್ಲಿ ದೊಡ್ಡ ಖಳನಾಯಕ” ಎನ್ನುತ್ತಾಳೆ ಅವಳು. ಇಪ್ಪತ್ತರ ಹುಡುಗಿಯ ಬಾಯಲ್ಲಿ ಈ ಮಾತು ಕೇಳಿ ನನಗೆ ಮೆಚ್ಚುಗೆಯಾಯಿತು.

ಅವಳು ಮಾಡಿದ್ದು ಸಣ್ಣ ಕೆಲಸ. ಮಧ್ಯಾಹ್ನ ನಮಾಝ್ ಮುಗಿಸಿ ಕೂತ ದಾದಿಗೆ ಕಾವೇರಿಯ ಕಥೆಯನ್ನು ದಖನಿಯಲ್ಲಿ ಹೇಳತೊಡಗಿದಳು. ದಿನಕ್ಕೆ ಸ್ವಲ್ಪ ಸ್ವಲ್ಪ. ಅಮ್ಮಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದರು. ಕಾವೇರಿ ವಾಸಿಯಾಗಿ ಮನೆಗೆ ಬಂದ ಭಾಗ ಬಂದಾಗ ದಾದಿ, “ಅಯ್ಯೋ, ಈಗ ಚೆನ್ನಾಗಿದ್ದಾಳಲ್ಲ, ಇನ್ನೂ ಯಾಕೆ ಹಾಗೆ ನೋಡ್ತಾರೆ ಅವರು?” ಎಂದು ಸಿಟ್ಟಾದರಂತೆ. ಹುಡುಗಿ ಉತ್ತರ ಕೊಡಲಿಲ್ಲ. ಅಡುಗೆಮನೆಯ ಅಟ್ಟದ ಕಡೆ ಒಮ್ಮೆ ನೋಡಿದಳು. ದಾದಿಯೂ ನೋಡಿದರು. ಅಮ್ಮಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

ಎರಡು ದಿನದ ನಂತರ ದಾದಿಯೇ ಈಳಿಗೆಮಣೆ ಇಳಿಸಿ ಭಾಭಿಯ ಮುಂದಿಟ್ಟು, “ಬೇಟಿ, ಈರುಳ್ಳಿ ಹೆಚ್ಚಿ ಕೊಡು, ನನ್ನ ಕಣ್ಣು ಮಂಜು” ಎಂದರು. ಅಣ್ಣನಿಗೂ ಅವರೇ ಬುದ್ಧಿ ಹೇಳಿದರು: “ನಿಕಾಹ್ ಆಗೋವಾಗ ಆರೋಗ್ಯ ಇದ್ದರೆ ಮಾತ್ರ ಇಟ್ಕೋತೀನಿ ಅಂತ ಹೇಳಿದ್ದೆಯಾ?” ಮುಂದಿನ ತಪಾಸಣೆಗೆ ಅಣ್ಣನೂ ಜೊತೆಗೆ ಹೋದ. ವೈದ್ಯರ ಹತ್ತಿರ ತನ್ನ ಹೆದರಿಕೆಯನ್ನೆಲ್ಲ ಕೇಳಿ ಬಗೆಹರಿಸಿಕೊಂಡ. ಇನ್ನೊಂದು ಸಂಬಂಧದ ಮಾತು ಅಲ್ಲಿಗೇ ನಿಂತಿತು.

ತ್ರಿವೇಣಿಯವರ ಕಾಲದಿಂದ ಇಂದಿನವರೆಗೆ

ತ್ರಿವೇಣಿ ಬರೆಯುತ್ತಿದ್ದ ಕಾಲಕ್ಕೆ ಮನೋರೋಗದ ಔಷಧಗಳು ಹೊಸತು. ಈ ಬಗೆಯ ಮೊದಲ ಮುಖ್ಯ ಔಷಧ ಬಳಕೆಗೆ ಬಂದದ್ದೇ 1952ರಲ್ಲಿ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆಯೇ ಆರಂಭವಾದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿಕೊಂಡಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅದೇ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮಗು ವಿಭಾಗ ಶುರುವಾಯಿತು. ಅಲ್ಲಿ ಬಾಣಂತಿಯನ್ನು ಮಗುವಿನಿಂದ ಅಗಲಿಸದೆ, ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಕಾವೇರಿಗೆ ಸಿಗದೆ ಹೋದ ಭಾಗ್ಯ ಇದು.

ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರಲ್ಲಿ ಎರಡು ಮಾತುಗಳು ಕಾವೇರಿಗಾಗಿಯೇ ಬರೆದಂತಿವೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು. ಮಗುವಿಗೆ ಅಪಾಯವಿದೆ ಎಂದು ವೈದ್ಯರಿಗೆ ಕಂಡರೆ ಮಾತ್ರ ಸ್ವಲ್ಪ ಕಾಲ ಬೇರೆ ಇಡಬಹುದು. ಇನ್ನೊಂದು, ಒಬ್ಬರು ಹಿಂದೆ ಮಾನಸಿಕ ಆಸ್ಪತ್ರೆಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಇಂದೂ ಅವರಿಗೆ ಕಾಯಿಲೆಯಿದೆ ಎಂದು ತೀರ್ಮಾನಿಸುವಂತಿಲ್ಲ. ಅಕ್ಕಪಕ್ಕದವರು ಕಾವೇರಿಗೆ ಮಾಡಿದ್ದು ಇದನ್ನೇ ಅಲ್ಲವೇ?

ಕಾನೂನು ಆಸ್ಪತ್ರೆಯ ಬಾಗಿಲಿನವರೆಗೆ ಬರಬಹುದು. ಅಡುಗೆಮನೆಗೆ ಬರಲಾರದು. ಅಲ್ಲಿ ನಾವೇ ಕಾನೂನು.

ನಾವು ಮಾಡಬಹುದಾದದ್ದು

ಬಾಣಂತಿಗೆ ನಿದ್ದೆ ದೊಡ್ಡ ಔಷಧ. ರಾತ್ರಿ ಮಗುವನ್ನು ನೋಡಿಕೊಳ್ಳಲು ಅತ್ತೆ, ನಾದಿನಿ, ಗಂಡ ಯಾರಾದರೂ ಪಾಳಿ ಹಂಚಿಕೊಳ್ಳಲಿ. ಮಗು ಮಲಗಿದಾಗಲೂ ಎರಡು ಮೂರು ದಿನ ಅವಳಿಗೆ ನಿದ್ದೆ ಬಾರದಿದ್ದರೆ, ಮಾತು ಅಡ್ಡಾದಿಡ್ಡಿಯಾದರೆ, ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಾತ್ರೆಗಳನ್ನು ವೈದ್ಯರು ಹೇಳುವ ತನಕ ನಿಲ್ಲಿಸಬೇಡಿ. ಎದೆಹಾಲು ಕೊಡಬಹುದೇ ಎಂಬುದನ್ನೂ ವೈದ್ಯರನ್ನೇ ಕೇಳಿ, ನೆರೆಯವರನ್ನಲ್ಲ. ಒಮ್ಮೆ ಬಾಣಂತಿ ಸನ್ನಿ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಬರುವ ಸಾಧ್ಯತೆ ಸಾಕಷ್ಟಿದೆ. ಆದ್ದರಿಂದ ಮತ್ತೊಂದು ಮಗುವಿನ ಯೋಚನೆಗೆ ಮೊದಲೇ ಮನೋವೈದ್ಯರನ್ನು ಕಾಣಬೇಕು. ಮುಂಜಾಗ್ರತೆ ವಹಿಸಿದರೆ ತಡೆಯಲು ದಾರಿಗಳಿವೆ.

ಗುಣವಾಗಿ ಬಂದವಳಿಗೆ ಮನೆ ಮರಳಿ ಸಿಗಬೇಕು. ವೈದ್ಯರು ಸರಿ ಎಂದ ಮೇಲೆ ಅವಳ ಸೌಟು, ಅವಳ ಬೀಗದ ಕೈ, ಅವಳ ಮಗು ಅವಳ ಕೈ ಸೇರಲಿ. ಅವಳು ಹೇಗಿದ್ದಾಳೆಂದು ಅವಳನ್ನೇ ಕೇಳೋಣ. ಅವಳಿಗೂ ಎಲ್ಲರಂತೆ ಸಿಟ್ಟು ಮಾಡುವ, ಅಳುವ, ಸಾರಿಗೆ ಉಪ್ಪು ಹೆಚ್ಚು ಹಾಕುವ ಹಕ್ಕಿದೆ.

ಇನ್ನು ‘ಶರಪಂಜರ’ವನ್ನು ಸಿನಿಮಾದಲ್ಲಿ ಮಾತ್ರ ಕಂಡವರು ಒಮ್ಮೆ ಪುಸ್ತಕ ತೆಗೆದು ಓದಿ. ಮನೆಯ ಹೆಣ್ಣುಮಕ್ಕಳಿಗೆ ಓದಿಸಿ, ಗಂಡುಮಕ್ಕಳಿಗೆ ತಪ್ಪದೆ ಓದಿಸಿ. ಓದುವಾಗ ಕಾವೇರಿಯ ಜೊತೆಗೆ ಅವಳ ಸುತ್ತ ನಿಂತವರ ಮುಖಗಳನ್ನೂ ಗಮನಿಸಿ. ಅವುಗಳಲ್ಲಿ ನಮಗೆ ಪರಿಚಯದ ಮುಖ ಯಾವುದಾದರೂ ಕಂಡರೆ, ತ್ರಿವೇಣಿ ಬರೆದದ್ದು ಸಾರ್ಥಕ.